ಲ್ಯಾಬ್ ಪರವಾನಗಿ ನವೀಕರಣಕ್ಕೆ ನಿವೃತ್ತ ಅಧಿಕಾರಿಯ ಸಲಹಾ ಸೇವೆ: ಹಣ ಕೊಟ್ಟು ಪಡೆದವಳ ಅಭಿಪ್ರಾಯ

ಕೋಲಾರದಲ್ಲಿ ನಾನೂ ನಮ್ಮ ಯಜಮಾನರೂ ಹದಿನಾಲ್ಕು ವರ್ಷಗಳಿಂದ ಒಂದು ಸಣ್ಣ ಲ್ಯಾಬ್ ನಡೆಸುತ್ತಿದ್ದೇವೆ. ಎರಡು ಕೋಣೆ, ಒಂದು ಸೆಮಿ ಆಟೋ ಅನಲೈಸರ್, ಒಂದು ಸೆಲ್ ಕೌಂಟರ್, ಒಂದು ಫ್ರಿಜ್, ರಕ್ತ ತೆಗೆಯುವುದಕ್ಕೆ ಒಬ್ಬ ಹುಡುಗಿ, ವರದಿಗಳನ್ನು ನೋಡಿ ಸಹಿ ಹಾಕುವುದಕ್ಕೆ ಬರುವ ಒಬ್ಬ ಪೆಥಾಲಜಿ ಡಾಕ್ಟರು. ನಮ್ಮ ಸಂಸಾರ ಇಷ್ಟೇ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿದರೆ ಮೊದಲು ಕಾಣಿಸುವವರು ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಬಂದ ಹಿರಿಯರು, ಅವರ ಹಿಂದೆಯೇ ಜ್ವರ ಬಂದಿದ್ದರೂ ಕೂಲಿ ತಪ್ಪಿಸಿಕೊಳ್ಳಲಾರದ ಟೊಮೆಟೊ ಮಂಡಿಯ ಹಮಾಲರು. ಈ ವರ್ಷ ನಮ್ಮ ಪರವಾನಗಿಗಳ ನವೀಕರಣಕ್ಕಾಗಿ, ಹಿಂದೆ ಇಂಥ ಸಂಸ್ಥೆಗಳ ತಪಾಸಣೆ ಮಾಡುತ್ತಿದ್ದು ಈಗ ನಿವೃತ್ತರಾಗಿರುವ ಅಧಿಕಾರಿಯೊಬ್ಬರು ನಡೆಸುವ ಸಲಹಾ ಸೇವೆಯನ್ನು ಪಡೆದೆವು. ಪಡೆಯಬಹುದೇ ಎಂದು ನನ್ನನ್ನು ಕೇಳಿದ ಇಬ್ಬರು ಮೂವರಿಗೆ ಬಾಯಿಮಾತಿನಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಹೌದು ಎಂದರೂ ಸುಳ್ಳಾಗುತ್ತಿತ್ತು, ಇಲ್ಲ ಎಂದರೂ ಸುಳ್ಳಾಗುತ್ತಿತ್ತು. ಅದಕ್ಕಾಗಿ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಅವರಿದ್ದ ಇಲಾಖೆಯನ್ನಾಗಲಿ, ಹುದ್ದೆಯನ್ನಾಗಲಿ ಬರೆಯುವುದಿಲ್ಲ.

ಮೊದಲು, ಇಂಥ ಸೇವೆಗೆ ಗಿರಾಕಿಗಳು ಯಾಕೆ ಹುಟ್ಟುತ್ತಾರೆ ಎಂಬುದನ್ನು ಹೇಳಬೇಕು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ಯಾವುದನ್ನೇ ನಡೆಸುವುದಿದ್ದರೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ನಾವೆಲ್ಲ ಕೆಪಿಎಂಇ ಎನ್ನುವ ಕಾಯ್ದೆಯಡಿ, ನೋಂದಣಿ ಆಗಿರಬೇಕು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2017ರಲ್ಲಿ ಇದಕ್ಕೆ ತಿದ್ದುಪಡಿ ತಂದ ಆರೋಗ್ಯ ಸಚಿವರು ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ಆ ನವೆಂಬರಿನಲ್ಲಿ ರಾಜ್ಯದ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗಗಳನ್ನು ಮುಚ್ಚಿ ಮುಷ್ಕರ ಹೂಡಿದ್ದು, ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಸಾಕಷ್ಟು ಮೆತ್ತಗಾಗಿ ಅಂಗೀಕಾರವಾದದ್ದು ಅನೇಕರಿಗೆ ನೆನಪಿರಬಹುದು. ಇದರ ಜೊತೆಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ: ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಸಿರಿಂಜು, ಗ್ಲೌಸ್, ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಸೂಜಿ ತೂತು ಬೀಳದ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ, ಚೀಲದ ಮೇಲೆ ಬಾರ್‌ಕೋಡ್. ವರದಿಗೆ ಸಹಿ ಹಾಕುವವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ನೋಂದಾಯಿತ ವೈದ್ಯರೇ ಆಗಿರಬೇಕೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಡೆಂಗಿ ಪರೀಕ್ಷೆಗೆ ದರ ನಿಗದಿ ಮಾಡಿ, ಯಂತ್ರದಲ್ಲಿ ಮಾಡುವ ಎಲೈಸಾ ಪರೀಕ್ಷೆಗೆ 300 ರೂಪಾಯಿ, ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಮೀರಬಾರದೆಂದು ಆದೇಶಿಸಿತು. ಈ ನಿಯಮಗಳಲ್ಲಿ ಯಾವುದೂ ಅನಗತ್ಯವೆಂದು ನನಗೆ ಅನ್ನಿಸಿಲ್ಲ. ಆದರೆ ಒಂದೊಂದು ಒಂದೊಂದು ಕಚೇರಿಯಿಂದ, ಒಂದೊಂದು ಭಾಷೆಯಲ್ಲಿ, ಒಂದೊಂದು ಪೋರ್ಟಲ್ ಮೂಲಕ ಬರುವಾಗ, ಇಬ್ಬರೇ ಕೆಲಸ ಮಾಡುವ ಲ್ಯಾಬಿನವರಿಗೆ ಅರ್ಜಿಯೆಂದರೆ ಜ್ವರ ಬಂದಂತಾಗುತ್ತದೆ.

ಸಲಹೆಗಾರರ ಕಚೇರಿ ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿದೆ. ಒಳಗೆ ಹೋದ ಕೂಡಲೇ ಗುರುತು ಸಿಕ್ಕಿತು. ಹಿಂದೊಮ್ಮೆ ನಮ್ಮ ಲ್ಯಾಬಿಗೆ ತಪಾಸಣೆಗೆಂದು ಬಂದಿದ್ದವರೇ ಅವರು. ಆಗ ನೀಡಲ್ ಕಟ್ಟರ್ ಪಕ್ಕದಲ್ಲಿ ಬಿಳಿ ಡಬ್ಬದ ಬದಲು ನಾವು ಇಟ್ಟಿದ್ದ ಹಳೆಯ ಹಾರ್ಲಿಕ್ಸ್ ಬಾಟಲಿಯನ್ನು ಎತ್ತಿ ಹಿಡಿದು, ಅಲ್ಲಾಡಿಸಿ, ಒಳಗಿನ ಸೂಜಿಗಳ ಸದ್ದನ್ನು ನಮಗೇ ಕೇಳಿಸಿ, ಮೆಮೋ ಬರೆದಿದ್ದರು. ಅದು ನ್ಯಾಯವಾದ ಮೆಮೋ. ಆ ಹುಡುಗಿಗೆ ಸೂಜಿ ಚುಚ್ಚಿದ್ದರೆ ಏನಾಗುತ್ತಿತ್ತೆಂದು ಅವರು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. ಮರುದಿನವೇ ಬಿಳಿ ಡಬ್ಬ ತಂದೆವು. ಈಗ ಅದೇ ವ್ಯಕ್ತಿ ಮೇಜಿನ ಆಚೆ ಕುಳಿತು, "ಬನ್ನಿ ಅಮ್ಮಾ, ನಿಮ್ಮ ಹಾರ್ಲಿಕ್ಸ್ ಬಾಟ್ಲಿ ನಾನು ಮರ್ತಿಲ್ಲ" ಎಂದು ನಕ್ಕು, ಒಟ್ಟು ಕೆಲಸಕ್ಕೆ 22 ಸಾವಿರ ರೂಪಾಯಿ, ಸರ್ಕಾರಿ ಶುಲ್ಕ ಬೇರೆ, ಅರ್ಧ ಮುಂಗಡ ಎಂದರು.

ಸೇವೆಯ ಗುಣಮಟ್ಟವನ್ನು ಮೊದಲು ಹೊಗಳಲೇಬೇಕು. ಮೂರೇ ದಿನಕ್ಕೆ ಲ್ಯಾಬಿಗೆ ಬಂದು ಸುಮಾರು ಎರಡು ಗಂಟೆ ನೋಡಿದರು. ಬಾಗಿಲಿನಿಂದ ಒಳಗೆ ಬರುವ ತಪಾಸಣಾಧಿಕಾರಿಯ ಕಣ್ಣು ಮೊದಲು ಎಲ್ಲಿ ಬೀಳುತ್ತದೆ, ಆಮೇಲೆ ಎಲ್ಲಿಗೆ ಹೊರಳುತ್ತದೆ ಎಂಬುದನ್ನು ನಡೆದು ತೋರಿಸಿದರು: ಮೊದಲು ನೋಂದಣಿ ಸಂಖ್ಯೆಯ ಫಲಕ, ಅದರ ಬಲಕ್ಕೆ ದರಪಟ್ಟಿ, ನಂತರ ಕೈ ತೊಳೆಯುವ ಬೇಸಿನ್ನು, ನಂತರ ಕಸದ ಬಕೆಟ್ಟುಗಳ ಬಣ್ಣ. ದರಪಟ್ಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದನ್ನು ಕಂಡು ಕನ್ನಡದಲ್ಲಿ ಬರೆಸಲು ಹೇಳಿದರು. ಇದು ನಮಗೆ ಮೊದಲೇ ಹೊಳೆಯಬೇಕಾಗಿತ್ತು. ರಕ್ತದ ಸ್ಯಾಂಪಲ್ಲುಗಳನ್ನು ತ್ಯಾಜ್ಯದ ಗಾಡಿಗೆ ಕೊಡುವ ಮೊದಲು ನಮ್ಮಲ್ಲೇ ಸೋಂಕುರಹಿತ ಮಾಡಬೇಕೆಂಬ ನಿಯಮವನ್ನು ನಾವು ಅರ್ಧಂಬರ್ಧ ಪಾಲಿಸುತ್ತಿದ್ದೆವು. ಅದನ್ನು ಆ ಹುಡುಗಿಗೆ ಬೇಸರವಿಲ್ಲದೆ, ಮೇಷ್ಟ್ರು ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಪೋರ್ಟಲ್‌ನಲ್ಲಿ ನಾವು ಎರಡು ಬಾರಿ ಸೋತಿದ್ದ ಅರ್ಜಿ ಅವರ ಸಹಾಯಕನ ಕೈಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಇಷ್ಟಕ್ಕೇ ನಿಂತಿದ್ದರೆ ನಾನು ಐದಕ್ಕೆ ಐದು ಅಂಕ ಕೊಟ್ಟು ಸುಮ್ಮನಾಗುತ್ತಿದ್ದೆ. ಮೂವತ್ತು ವರ್ಷ ಸರ್ಕಾರಿ ಸಂಬಳದಲ್ಲಿ ಕಲಿತ ವಿದ್ಯೆಯನ್ನು ನಿವೃತ್ತಿಯ ನಂತರ ಮಾರುವುದು ತಪ್ಪೆಂದರೆ ನಿವೃತ್ತ ಮೇಷ್ಟ್ರು ಮನೆಪಾಠ ಹೇಳುವುದೂ ತಪ್ಪಾಗಬೇಕು.

ವ್ಯತ್ಯಾಸ ಕಾಣಿಸಿದ್ದು ಕಾಗದಗಳಲ್ಲಿ. ನಮ್ಮ ಲ್ಯಾಬಿನ ಕಾರ್ಯವಿಧಾನ ಎಂದು ದಪ್ಪ ಸ್ಪೈರಲ್ ಬೈಂಡಿಂಗ್ ಪುಸ್ತಕವೊಂದನ್ನು ಕೊಟ್ಟರು. ಸ್ಯಾಂಪಲ್ ತೆಗೆಯುವುದರಿಂದ ವರದಿ ಕೊಡುವವರೆಗೆ ಪ್ರತಿ ಹೆಜ್ಜೆಯನ್ನೂ ಚೊಕ್ಕ ಇಂಗ್ಲಿಷಿನಲ್ಲಿ ಬರೆದಿತ್ತು. ಓದುತ್ತಾ ಹೋದರೆ ಹದಿನಾಲ್ಕನೆಯ ಪುಟದಲ್ಲಿ ಮುಳಬಾಗಿಲಿನ ಇನ್ನೊಂದು ಲ್ಯಾಬಿನ ಹೆಸರು ಹಾಗೇ ಉಳಿದುಕೊಂಡಿತ್ತು. ಇಪ್ಪತ್ತೊಂದನೆಯ ಪುಟದಲ್ಲಿ, ನಮ್ಮಲ್ಲಿ ಇಲ್ಲದ ಯಂತ್ರವೊಂದನ್ನು ಪ್ರತಿದಿನ ಬೆಳಿಗ್ಗೆ ಹೇಗೆ ಪರೀಕ್ಷಿಸಬೇಕೆಂದು ವಿವರಿಸಿತ್ತು. ತೋರಿಸಿದಾಗ ಸಹಾಯಕ ನಾಚಿಕೊಳ್ಳಲಿಲ್ಲ, ಆ ಎರಡು ಪುಟಗಳನ್ನು ಮಾತ್ರ ಬದಲಾಯಿಸಿ ತಂದ. ಇದನ್ನು ಸಣ್ಣ ಊರಿನ ಸಣ್ಣ ಉದಾಸೀನ ಎಂದು ತಳ್ಳಿಹಾಕಬೇಕೆಂದಿದ್ದೆ. ಆದರೆ 2012ರ ಮೇ ತಿಂಗಳಿನಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಬಗ್ಗೆ ಕೊಟ್ಟ 59ನೆಯ ವರದಿ ನೆನಪಾಯಿತು. ಹೊಸ ಔಷಧಗಳಿಗೆ ಒಪ್ಪಿಗೆ ಕೊಡಬಹುದೆಂದು ಬೇರೆ ಬೇರೆ ಊರಿನ ತಜ್ಞರು ಬರೆದ ಪತ್ರಗಳು ಹೆಚ್ಚುಕಡಿಮೆ ಪದಕ್ಕೆ ಪದ ಒಂದೇ ಆಗಿದ್ದದ್ದನ್ನು ಸಮಿತಿ ಎತ್ತಿ ತೋರಿಸಿತ್ತು. ಅವುಗಳನ್ನು ಬರೆದದ್ದು ಔಷಧ ತಯಾರಕರ ಕಾಣದ ಕೈಗಳಿರಬೇಕೆಂದು ಹೇಳಿತ್ತು. ಕೆಲವು ಅಧಿಕಾರಿಗಳು, ತಯಾರಕರು ಮತ್ತು ತಜ್ಞರು ಕೈಜೋಡಿಸಿದ್ದಾರೆಂದೂ ಹೇಳಿತ್ತು. ದೆಹಲಿಯ ಪತ್ರಗಳಲ್ಲಿ ಊರಿನ ಹೆಸರು ಬದಲಾಯಿಸಲು ಯಾರೂ ಮರೆತಿರಲಿಕ್ಕಿಲ್ಲ. ನಮ್ಮವನು ಮರೆತಿದ್ದ.

ಎರಡನೆಯದು ಫ್ರಿಜ್ಜಿನ ತಾಪಮಾನದ ಪುಸ್ತಕ. ಪರೀಕ್ಷೆಗೆ ಬಳಸುವ ರಾಸಾಯನಿಕಗಳ, ಅಂದರೆ ರೀಏಜೆಂಟ್ ಕಿಟ್ಟುಗಳಲ್ಲಿ ಹೆಚ್ಚಿನವು 2ರಿಂದ 8 ಡಿಗ್ರಿಯೊಳಗೆ ಇರಬೇಕು. ದಿನಕ್ಕೆರಡು ಬಾರಿ ಥರ್ಮಾಮೀಟರ್ ನೋಡಿ ಬರೆಯಬೇಕೆಂಬುದು ಕಾಗದದ ಶಾಸ್ತ್ರವೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ. ಒಂದು ಬೇಸಿಗೆಯಲ್ಲಿ ರಾತ್ರಿಯೆಲ್ಲ ಕರೆಂಟು ಹೋಗಿ, ಬೆಳಿಗ್ಗೆ ಬಂದು ನೋಡಿದಾಗ ಫ್ರಿಜ್ಜು ಮತ್ತೆ ಓಡುತ್ತಾ ಏನೂ ಆಗಿಲ್ಲವೆಂಬಂತೆ ತಣ್ಣಗಿದ್ದರೂ, ಥರ್ಮಾಮೀಟರಿನಲ್ಲಿ ರಾತ್ರಿಯ ಗರಿಷ್ಠ 19 ಎಂದು ಉಳಿದಿತ್ತು. ಅದನ್ನು ಬರೆಯಲು ಹೋದದ್ದರಿಂದಲೇ ಗೊತ್ತಾಯಿತು. ಕಿಟ್ಟುಗಳನ್ನು ಎಸೆದೆವು, ಒಂಬತ್ತು ಸಾವಿರ ರೂಪಾಯಿ ನಷ್ಟವಾಯಿತು, ಆದರೆ ಯಾರಿಗೂ ತಪ್ಪು ವರದಿ ಹೋಗಲಿಲ್ಲ. ಅಂದಿನಿಂದ ಬರೆಯುತ್ತಿದ್ದೇವೆ, ಮದುವೆ ಮುಂಜಿಗಳಿಗೆ ಊರಿಗೆ ಹೋದ ದಿನಗಳು ಖಾಲಿ ಉಳಿಯುತ್ತವೆ. ಈ ಸಲ ಸುಮಾರು ಇಪ್ಪತ್ತು ದಿನ ಖಾಲಿ ಇದ್ದವು. ಸಹಾಯಕ ಪುಸ್ತಕವನ್ನು ಎಳೆದುಕೊಂಡು, ಜೇಬಿನಿಂದ ಒಂದು ನೀಲಿ, ಒಂದು ಕಪ್ಪು ಪೆನ್ನು ತೆಗೆದು, ಖಾಲಿ ದಿನಗಳನ್ನು ತುಂಬತೊಡಗಿದ. ನಾಲ್ಕು, ಐದು, ನಾಲ್ಕು, ಆರು. ಎರಡು ಪೆನ್ನು ಯಾಕೆಂದು ಕೇಳಿದೆ. "ಒಂದೇ ಪೆನ್ನಲ್ಲಿ ಬರೆದ್ರೆ ಒಂದೇ ದಿನ ಬರ್ದಿದ್ದು ಅಂತ ಗೊತ್ತಾಗತ್ತೆ ಮೇಡಂ, ಸಾರೇ ಹೇಳ್ಕೊಟ್ಟಿದ್ದು" ಎಂದ. ನಾನು ಪುಸ್ತಕ ಕಿತ್ತುಕೊಂಡು, ಅವನು ಬರೆದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಹಣ ಕೊಟ್ಟವಳು ಕೆಲಸ ಮಾಡಬೇಡ ಎನ್ನುತ್ತಿದ್ದಾಳಲ್ಲ ಎಂಬಂತೆ ನೋಡಿದ.

ಒಂದೇ ಪೆನ್ನಿನ ಬರಹವನ್ನು ಗುರುತಿಸುವ ಕಣ್ಣು ಅಧಿಕಾರಿಗೆ ಹೇಗೆ ಬಂದಿರಬೇಕೆಂದು ಯೋಚಿಸಿ. ಇಪ್ಪತ್ತು ಮೂವತ್ತು ವರ್ಷ ಸುಳ್ಳು ದಾಖಲೆಗಳನ್ನು ಹಿಡಿದು ಹಿಡಿದು ಬಂದದ್ದು. ಹಿಡಿಯುವುದಕ್ಕೆಂದು ಜನರ ದುಡ್ಡಿನಲ್ಲಿ ಬೆಳೆದ ಆ ಕಣ್ಣೇ ಈಗ ತಪ್ಪಿಸಿಕೊಳ್ಳುವ ದಾರಿಯಾಗಿ 22 ಸಾವಿರಕ್ಕೆ ಸಿಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಗಾದೆಯನ್ನು ಇಲ್ಲಿ ಹೇಳುವುದು ವಾಡಿಕೆ, ಆದರೆ ಅದು ಸರಿಹೊಂದುವುದಿಲ್ಲ; ಇವರು ಮೇಯ್ದಿಲ್ಲ, ಸೇವೆಯಲ್ಲಿದ್ದಾಗ ನಮ್ಮಿಂದ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ. ಬೇಲಿ ಕಟ್ಟಿದವರೇ ಆಮೇಲೆ ಕಂಡಿ ಎಲ್ಲೆಲ್ಲಿದೆ ಎಂದು ತೋರಿಸಿಕೊಡುವ ಕಸುಬು ಹಿಡಿದಂತೆ ಇದು.

ತಪಾಸಣೆಯ ದಿನ ಸಲಹೆಗಾರರು ತಂಡಕ್ಕಿಂತ ಹತ್ತು ನಿಮಿಷ ಮೊದಲು ಬಂದು, ನಮ್ಮ ರಿಸೆಪ್ಷನ್ನಿನ ಬೆಂಚಿನಲ್ಲಿ ರೋಗಿಗಳ ನಡುವೆ ಪೇಪರ್ ಓದುತ್ತಾ ಕುಳಿತರು. ಒಳಗೆ ಬಂದ ಯುವ ಅಧಿಕಾರಿ ಫಲಕವನ್ನೂ ನೋಡಲಿಲ್ಲ, ದರಪಟ್ಟಿಯನ್ನೂ ನೋಡಲಿಲ್ಲ, ಅವರನ್ನು ನೋಡಿ ಒಂದು ಕ್ಷಣ ನೆಟ್ಟಗೆ ನಿಂತು, "ಸಾರ್, ತಾವೇನು ಇಲ್ಲಿ?" ಎಂದರು. "ನಮ್ಮೋರದೇ ಲ್ಯಾಬು" ಎಂಬ ಒಂದು ಮಾತು. ತಪಾಸಣೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಗೋಡೆ ಗಡಿಯಾರ ಎದುರಿಗೇ ಇತ್ತು. ನಾನು ಗೆರೆ ಎಳೆದು ಸಹಿ ಹಾಕಿದ್ದ ಪುಸ್ತಕವನ್ನು ಕೇಳಿದರೆ ನಿಜ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವರು ಅದನ್ನು ತೆರೆಯಲಿಲ್ಲ. ಸ್ಪೈರಲ್ ಪುಸ್ತಕದ ದಪ್ಪವನ್ನು ಬೆರಳಿನಿಂದ ಒಮ್ಮೆ ಅಳೆದು ಪಕ್ಕಕ್ಕಿಟ್ಟರು. ಹೊರಡುವಾಗ ಮೆಟ್ಟಿಲ ಬಳಿ ಹಿರಿಯರನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು: "ಈಗ ಎಷ್ಟು ಲ್ಯಾಬ್ ಆಗಿದೆ ಸಾರ್ ನಿಮ್ಮ ಹತ್ರ?" ಅದರಲ್ಲಿ ಕೊಂಕು ಇರಲಿಲ್ಲ. ಮುಂದೆ ತಾನು ಹಿಡಿಯಬಹುದಾದ ಕಸುಬಿನ ಬಗ್ಗೆ ಯಾರಾದರೂ ಕೇಳುವ ಧಾಟಿ ಅದು. ಆ ಹನ್ನೊಂದು ನಿಮಿಷ ನಮಗೆ ಅನುಕೂಲವೇ ಆಯಿತು, ಆದರೂ ಅಂದು ಅವಮಾನವಾದಂತೆ ಅನ್ನಿಸಿತು. ಹಾರ್ಲಿಕ್ಸ್ ಬಾಟಲಿಯ ದಿನ ಹಾಗೆ ಅನ್ನಿಸಿರಲಿಲ್ಲ.

ಉಳಿದ ಹಣ ಕೊಡಲು ಹೋದಾಗ ಇದನ್ನು ಸ್ವಲ್ಪ ಸುತ್ತಿಬಳಸಿ ಅವರಿಗೆ ಹೇಳಿದೆ. ಕೋಪಿಸಿಕೊಳ್ಳಲಿಲ್ಲ. "ದೊಡ್ಡ ದೊಡ್ಡ ದೇಶದಲ್ಲೂ ಹೀಗೇ ಅಮ್ಮಾ. ಅಮೆರಿಕಾದಲ್ಲಿ ಔಷಧಿ ಇಲಾಖೆಯೋರು ಸೀದಾ ಕಂಪನಿಗೇ ಹೋಗ್ತಾರೆ" ಎಂದರು. ಅವರು ಹೇಳಿದ್ದು ನಿಜ. ಅಲ್ಲಿನವರು ಇದಕ್ಕೆ ತಿರುಗುವ ಬಾಗಿಲು ಎಂದೇ ಹೆಸರಿಟ್ಟಿದ್ದಾರೆ, ದೊಡ್ಡ ಹೋಟೆಲುಗಳ ಮುಂದೆ ಇರುತ್ತದಲ್ಲ, ಹೊರಗೆ ಹೋಗುವವರೂ ಒಳಗೆ ಬರುವವರೂ ಒಂದೇ ಸುತ್ತಿನಲ್ಲಿ ಸಾಗುವ ಗಾಜಿನ ಬಾಗಿಲು, ಅಂಥದ್ದು. ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆಗೆ 1995ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಅದರ ಪರಿಶೀಲನೆಯ ಮೇಲ್ವಿಚಾರಣೆ ಮಾಡಿದವರು ಕರ್ಟಿಸ್ ರೈಟ್ ಎಂಬ ವೈದ್ಯಾಧಿಕಾರಿ. ಮಾತ್ರೆ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ದುರುಪಯೋಗದ ಸಾಧ್ಯತೆ ಕಡಿಮೆಯೆಂದು ನಂಬಲಾಗಿದೆ ಎಂಬ ಸಾಲು ಅದರ ಲೇಬಲ್ಲಿನಲ್ಲಿ ಸೇರಿತು, ಕಂಪನಿಯ ಪ್ರತಿನಿಧಿಗಳು ಆ ಸಾಲನ್ನೇ ಹಿಡಿದು ವೈದ್ಯರ ಬಾಗಿಲು ತಟ್ಟಿದರು. ರೈಟ್ ಎಫ್‌ಡಿಎ ಬಿಟ್ಟು, ನಡುವೆ ಇನ್ನೊಂದು ಕಂಪನಿಯಲ್ಲಿದ್ದು, 1998ರ ಹೊತ್ತಿಗೆ ಆ ಮಾತ್ರೆ ತಯಾರಿಸುತ್ತಿದ್ದ ಪರ್ಡ್ಯೂ ಕಂಪನಿಯನ್ನೇ ಸೇರಿದರು. ವ್ಯಸನದ ಅಪಾಯವನ್ನು ಮುಚ್ಚಿಟ್ಟು ಮಾರಿದ್ದಕ್ಕಾಗಿ ಆ ಕಂಪನಿಯ ಸೋದರ ಸಂಸ್ಥೆಯಾದ ಪರ್ಡ್ಯೂ ಫ್ರೆಡರಿಕ್ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಲೇಬಲ್ಲಿನ ಒಂದು ಸಾಲು ಎಷ್ಟು ತೂಕದ್ದೆಂದು, ವರದಿಯ ಒಂದು ದಶಾಂಶ ಬಿಂದು ಆಚೀಚೆಯಾದರೆ ಏನಾಗುತ್ತದೆಂದು ತಿಳಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಬಾಗಿಲು ಎರಡೂ ಕಡೆಗೆ ತಿರುಗುತ್ತದೆ. ಇಲೈ ಲಿಲ್ಲಿ ಎಂಬ ಔಷಧ ಕಂಪನಿಯ ಅಮೆರಿಕ ವಿಭಾಗದ ಅಧ್ಯಕ್ಷರಾಗಿದ್ದ ಅಲೆಕ್ಸ್ ಅಜಾರ್ ಅದಕ್ಕೂ ಮುಂಚೆ ಆರೋಗ್ಯ ಇಲಾಖೆಯ ಉಪ ಕಾರ್ಯದರ್ಶಿಯಾಗಿದ್ದವರು. ಕಂಪನಿ ಬಿಟ್ಟ ಮರುವರ್ಷ, 2018ರಲ್ಲಿ, ಅದೇ ಇಲಾಖೆಯ ಮುಖ್ಯಸ್ಥರಾಗಿ ಹಿಂತಿರುಗಿದರು. ಎಫ್‌ಡಿಎ ಆಯುಕ್ತ ಸ್ಕಾಟ್ ಗಾಟ್ಲೀಬ್ 2019ರ ಏಪ್ರಿಲಿನಲ್ಲಿ ಹುದ್ದೆ ಬಿಟ್ಟು ಜೂನ್‌ನಲ್ಲಿ ಫೈಜರ್ ಔಷಧ ಕಂಪನಿಯ ಆಡಳಿತ ಮಂಡಳಿಗೆ ಸೇರಿದರು. ಇವರಾರೂ ಕಾನೂನು ಮುರಿಯಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುವುದು. 2003ರಲ್ಲಿ ಹಿರಿಯರ ಔಷಧ ವಿಮೆಯ ಕಾನೂನನ್ನು ಮುಂದೆ ನಿಂತು ಪಾಸು ಮಾಡಿಸಿದ ಅಮೆರಿಕದ ಸಂಸದ ಬಿಲ್ಲಿ ಟಾಜಿನ್ 2005ರಲ್ಲಿ ಔಷಧ ಕಂಪನಿಗಳ ಒಕ್ಕೂಟದ ಮುಖ್ಯಸ್ಥರಾದರು. ಆ ವಿಮೆಯಡಿ ಸರ್ಕಾರ ಔಷಧ ಬೆಲೆಯ ಚೌಕಾಸಿ ಮಾಡಬಾರದೆಂಬ ಷರತ್ತು ಆ ಕಾನೂನಿನಲ್ಲಿತ್ತು. ಆ ಷರತ್ತನ್ನು ಭಾಗಶಃ ಸಡಿಲಿಸಲು 2022 ಬರಬೇಕಾಯಿತು.

ನಮ್ಮಲ್ಲಿ ತಡೆ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ 'ಎ' ಗುಂಪಿನ ಅಧಿಕಾರಿಗಳು ನಿವೃತ್ತರಾದ ಒಂದು ವರ್ಷದೊಳಗೆ ವಾಣಿಜ್ಯ ಉದ್ಯೋಗ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕೆಂದು ಅವರ ಪಿಂಚಣಿ ನಿಯಮಗಳು ಹೇಳುತ್ತವೆ. ಓದಿ ನೋಡಿದರೆ ಅದರ ವಿವರಣೆ ಆಶ್ಚರ್ಯವಾಗುವಷ್ಟು ಜಾಣತನದ್ದು: ಕಂಪನಿಯ ನೌಕರಿ ಮಾತ್ರವಲ್ಲ, ಸ್ವಂತವಾಗಿ ಸಲಹೆಗಾರನಾಗಿ ಕೂರುವುದೂ, ಹಿಂದಿನ ಹುದ್ದೆಯಿಂದಾಗಿ ಗಿರಾಕಿಗಳಿಗೆ ನ್ಯಾಯವಲ್ಲದ ಅನುಕೂಲ ಸಿಗುವಂತಿದ್ದರೆ ಅಥವಾ ಸರ್ಕಾರಿ ಕಚೇರಿಗಳೊಂದಿಗೆ ಸಂಪರ್ಕ ಮಾಡಿಕೊಡುವ ಕೆಲಸವಾಗಿದ್ದರೆ, ವಾಣಿಜ್ಯ ಉದ್ಯೋಗವೇ ಎಂದು ಅದು ಬಿಡಿಸಿ ಹೇಳುತ್ತದೆ. ಬರೆದವರಿಗೆ ನಮ್ಮ ಕಾಂಪ್ಲೆಕ್ಸಿನ ಮೊದಲ ಮಹಡಿ ಕಣ್ಣಿಗೆ ಕಟ್ಟಿದ್ದಿರಬೇಕು. ಆದರೆ ನಮ್ಮ ಸಲಹೆಗಾರರು ಕೇಂದ್ರದ ಅಧಿಕಾರಿಯಲ್ಲ. ಅಲ್ಲದೆ ಒಂದು ವರ್ಷ ಕಳೆದ ಮಾತ್ರಕ್ಕೆ ಯುವ ಅಧಿಕಾರಿ "ಸಾರ್" ಎನ್ನುವುದನ್ನು ಮರೆಯುವುದಿಲ್ಲ. ತಪಾಸಣೆ ನಡೆಯುವಾಗ ಹಣ ಪಡೆದ ಸಲಹೆಗಾರರು ಆ ಕಟ್ಟಡದಲ್ಲೇ ಇರಬಾರದು, ಯಾವ ಸಂಸ್ಥೆಯ ಅರ್ಜಿಯನ್ನು ಯಾರು ತಯಾರಿಸಿದರೆಂದು ಅರ್ಜಿಯಲ್ಲೇ ಬರೆದಿರಬೇಕು ಎಂಬ ಎರಡು ಸಾಲು ಇದ್ದರೆ ಒಂದು ವರ್ಷದ ಕಾಯುವಿಕೆಗಿಂತ ಹೆಚ್ಚು ಉಪಯೋಗವಾದೀತೆಂದು ನನ್ನ ಎಣಿಕೆ.

ಈಗ ಪಡೆಯಬಹುದೇ ಎಂಬ ಪ್ರಶ್ನೆಗೆ ಬರುತ್ತೇನೆ. ಲ್ಯಾಬನ್ನು ನಿಜವಾಗಿ ಸರಿಪಡಿಸಿಕೊಳ್ಳಲು ಬೇಕಾದ ತಿಳಿವಳಿಕೆಗೆ ಅವರ ಮೊದಲ ಎರಡು ಗಂಟೆಗಳೇ ಸಾಕು, ಅದಕ್ಕೆ ಆರೇಳು ಸಾವಿರ ಕೊಟ್ಟರೂ ನಷ್ಟವಿಲ್ಲ. ಅಷ್ಟನ್ನು ಮಾತ್ರ ಮಾಡಿಕೊಡುತ್ತೀರಾ ಎಂದು ಮುಂಚೆಯೇ ಕೇಳಿ, ಬರಹದಲ್ಲಿ ಪಡೆಯಿರಿ. ಪೋರ್ಟಲ್ ಕೆಲಸವನ್ನು ಕಂಪ್ಯೂಟರ್ ಬಲ್ಲ ಯಾವ ಹುಡುಗನಾದರೂ ಎರಡು ದಿನದಲ್ಲಿ ಮಾಡಿಕೊಡುತ್ತಾನೆ. ಕಾರ್ಯವಿಧಾನದ ಪುಸ್ತಕವನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ನಾವು ಆಮೇಲೆ ನಮ್ಮ ಹುಡುಗಿಯ ಕೈಯಲ್ಲಿ, ಅವಳು ದಿನಾ ಮಾಡುವುದನ್ನು ಅವಳದೇ ಕನ್ನಡದಲ್ಲಿ ಬರೆಸಿದೆವು, ಹನ್ನೆರಡು ಪುಟವಾಯಿತು, ಡಾಕ್ಟರು ಮೂರು ಕಡೆ ತಿದ್ದಿದರು. ತಿಳಿವಳಿಕೆಗೆ ಐದಕ್ಕೆ ನಾಲ್ಕೂವರೆ, ಕಾಗದಪತ್ರಕ್ಕೆ ಒಂದು. ಹನ್ನೊಂದು ನಿಮಿಷಕ್ಕೆ ಎಷ್ಟು ಕೊಡಬೇಕೆಂದು ತೋಚುತ್ತಿಲ್ಲ, ಹಾಗೇ ಬಿಟ್ಟಿದ್ದೇನೆ.

ಅವರಲ್ಲಿ ವಾರ್ಷಿಕ ನಿರ್ವಹಣೆ ಎಂಬ ಇನ್ನೊಂದು ಯೋಜನೆಯೂ ಇದೆ, ವರ್ಷಕ್ಕೆ ಎಂಟು ಸಾವಿರ ರೂಪಾಯಿ. ಅಚ್ಚು ಹಾಕಿಸಿದ ಕಾಗದದಲ್ಲಿ ದಾಖಲೆಗಳ ನಿರ್ವಹಣೆ, ಸಿಬ್ಬಂದಿ ತರಬೇತಿ ಎಂದೆಲ್ಲ ಇದೆ. ಕಾಗದದಲ್ಲಿಲ್ಲದ ಒಂದನ್ನು ಅವರು ಬಾಯಲ್ಲಿ ಹೇಳಿದರು: ತಂಡ ಬರುವ ದಿನ ನಮಗೆ ಮೊದಲೇ ಗೊತ್ತಾಗುತ್ತದೆ. ನಾವು ಆ ಯೋಜನೆಗೆ ಸೇರಲಿಲ್ಲ. ನಮ್ಮ ರಸ್ತೆಯಲ್ಲಿ ಎಷ್ಟು ಜನ ಸೇರಿದ್ದಾರೆಂದು ಕೇಳಿದೆ. ಅವರು ರಸೀದಿ ಹರಿದು ಕೊಟ್ಟು, ಕಾಫಿ ತರಿಸಲೇ ಎಂದು ಕೇಳಿದರು.